ಗೆಂಡೆಗೆ ಬೆಂಡಿನ ಗಾಳ: ಎರೆಗಿಂತ ಮೊದಲು ಆಳ

ಪ್ರಶ್ನೆ: ಮಾಲೂರು ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ರಜೆಯ ದಿನಗಳಂದು ಬೆಂಡು ಕಟ್ಟಿ ಗಾಳ ಹಾಕುತ್ತೇನೆ. ಕೆಲವು ವರ್ಷಗಳಿಂದ ಕೆರೆ ಒಣಗಿಲ್ಲ. ಏರಿಯ ಹತ್ತಿರ ದೊಡ್ಡ ಗೆಂಡೆಗಳು ಹೊರಳುವುದು, ಗುಳ್ಳೆ ಏಳುವುದು ಕಾಣುತ್ತದೆ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತರೂ ನನಗೆ ಸಿಗುವುದು ಅಂಗೈಯಗಲದ ಜಿಲೇಬಿ ಮೀನು (ತಿಲಾಪಿಯಾ) ಮಾತ್ರ. ಮೈದಾ ಹಿಟ್ಟು, ವೆನಿಲ್ಲಾ ಎಸೆನ್ಸ್ ಬೆರೆಸಿದ ಬ್ರೆಡ್ಡು, ಎರೆಹುಳು, ಅಂಗಡಿಯ ಸಿದ್ಧ ಪುಡಿ ಎಲ್ಲವನ್ನೂ ಹಾಕಿ ನೋಡಿದ್ದೇನೆ. ಪಕ್ಕದಲ್ಲೇ ಬೆಂಡಿಲ್ಲದೆ ಬರಿಯ ದಾರಕ್ಕೆ ಸೀಸದ ಗುಂಡು ಕಟ್ಟಿ ಕೂರುವ ಹಿರಿಯರೊಬ್ಬರಿಗೆ ಅದೇ ಮೈದಾ ಹಿಟ್ಟಿಗೆ ಗೆಂಡೆ ಬೀಳುತ್ತದೆ. ಬೆಂಡನ್ನು ಬಿಟ್ಟುಬಿಡಬೇಕೆ? ಯಾವ ಎರೆ ಸರಿ? ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬಗೆಯ ಎರೆಗಳ ಹೆಸರಿದೆ, ಆದರೆ ಬೆಂಡಿನಿಂದ ಕೊಕ್ಕೆಯವರೆಗೆ ಎಷ್ಟು ಅಡಿ ದಾರ ಬಿಟ್ಟಿದ್ದಿರಿ ಎಂಬ ಮಾತು ಎಲ್ಲಿಯೂ ಇಲ್ಲ. ಸಮಸ್ಯೆ ಇರುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಅದಕ್ಕೆ ಸಾಕ್ಷಿಯನ್ನೂ ನೀವೇ ಒದಗಿಸಿದ್ದೀರಿ. ಪಕ್ಕದ ಹಿರಿಯರು ಹಾಕುವುದು ನೀವು ಹಾಕಿದ ಹಿಟ್ಟನ್ನೇ. ವ್ಯತ್ಯಾಸವೆಂದರೆ ಅವರ ಸೀಸದ ಗುಂಡು ಎರೆಯನ್ನು ನೆಲಕ್ಕೆ ಒಯ್ದು ಕೂರಿಸುತ್ತದೆ, ನಿಮ್ಮ ಬೆಂಡು ಅದನ್ನು ನಡುನೀರಿನಲ್ಲಿ ತೂಗುಬಿಡುತ್ತದೆ. ನಡುನೀರಿನಲ್ಲಿ ತೂಗುವ ಮೆತ್ತನೆಯ ಹಿಟ್ಟು ಜಿಲೇಬಿ ಮೀನಿನ ಪಾಲಾಗುವುದು ಸಹಜ. ಆದ್ದರಿಂದ ಬೆಂಡನ್ನು ಬಿಡಬೇಕಾಗಿಲ್ಲ. ಬೆಂಡು ಮೀನು ಕಚ್ಚಿದ್ದನ್ನು ತೋರಿಸುವ ಗುರುತು ಮಾತ್ರವಲ್ಲ, ಎರೆಯನ್ನು ಬೇಕಾದ ಆಳದಲ್ಲಿ ನಿಲ್ಲಿಸುವ ಸಾಧನ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ, ಬರಿಯ ದಾರಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗುತ್ತದೆ.

ಗೆಂಡೆ ಎಂದು ನಾವು ಒಟ್ಟಾಗಿ ಕರೆಯುವ ಮೀನುಗಳೆಲ್ಲ ಒಂದೇ ಪದರದಲ್ಲಿ ಮೇಯುವುದಿಲ್ಲ. ನಮ್ಮ ಕೆರೆಗಳಿಗೆ ಬಿತ್ತನೆ ಮಾಡುವ ಕಾಟ್ಲಾ ಮೇಲ್ಪದರದ ಮೀನು. ಅದರ ಬಾಯಿ ಮೇಲ್ಮುಖವಾಗಿದ್ದು, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಕಿವಿರಿನ ಜಾಲರಿಯಲ್ಲಿ ಸೋಸಿ ತಿನ್ನುತ್ತದೆ. ರೋಹು ನಡುಪದರದಲ್ಲಿ ಮೇಯುತ್ತದೆ, ಮೃಗಾಲ್ ತಳದಲ್ಲಿ. ಸಾಮಾನ್ಯ ಗೆಂಡೆಯಂತೂ ಪೂರ್ತಿಯಾಗಿ ತಳದ ಮೀನು: ಮುಂದಕ್ಕೆ ಕೊಳವೆಯಂತೆ ಚಾಚುವ ಬಾಯಿಯಿಂದ ಗೋಡುಮಣ್ಣನ್ನು ಹೀರಿ, ಹುಳು ಮತ್ತು ಕಾಳುಗಳನ್ನು ಬೇರ್ಪಡಿಸಿ, ಉಳಿದ ಕೆಸರನ್ನು ಉಗುಳುತ್ತದೆ. ಬಾಯಿಯ ಅಂಚಿನಲ್ಲಿರುವ ಎರಡು ಜೊತೆ ಮೀಸೆಗಳು ಅದಕ್ಕೆ ಸ್ಪರ್ಶ ಮತ್ತು ರುಚಿ ಎರಡನ್ನೂ ತಿಳಿಸುತ್ತವೆ. ಹುಲ್ಲುಗೆಂಡೆ ಜಲಸಸ್ಯಗಳನ್ನು ಮೇಯುತ್ತದೆ, ಬೆಳ್ಳಿಗೆಂಡೆ ಪಾಚಿಯನ್ನು ಸೋಸುತ್ತದೆ. ಬೆಳ್ಳಿಗೆಂಡೆ ಗಾಳಕ್ಕೆ ಬೀಳುವುದು ಅಪರೂಪವಾದ್ದರಿಂದ ಅದರ ಹಿಂದೆ ಹೋಗುವುದು ಬೇಡ.

ಹೀಗಾಗಿ ಮೊದಲ ಕೆಲಸ ನಿಮ್ಮ ಕೆರೆಯಲ್ಲಿ ಯಾವ ಮೀನಿದೆ ಎಂದು ತಿಳಿಯುವುದು. ಗುತ್ತಿಗೆದಾರರು ಬಲೆ ಎಳೆಯುವ ದಿನ ದಡಕ್ಕೆ ಹೋಗಿ ನೋಡಿದರೆ, ಇಲ್ಲವೇ ಯಾವ ಮರಿ ಬಿಟ್ಟಿದ್ದಾರೆಂದು ಕೆರೆಯ ಕಾವಲುಗಾರರನ್ನು ವಿಚಾರಿಸಿದರೆ ಸಾಕು. ಕಾಟ್ಲಾ, ರೋಹು, ಮೃಗಾಲ್ ಮೂರೂ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿವ ನದಿ ಬೇಕು. 1957ರಲ್ಲಿ ಮೀನುಗಾರಿಕೆ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದ ಮೇಲೆಯೇ ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಂಥ ಜಿಲ್ಲೆಯ ಕೆರೆಗಳಿಗೆ ಅವುಗಳ ಮರಿ ಬೇಕಾದಷ್ಟು ದೊರೆಯುವ ದಾರಿ ತೆರೆಯಿತು. ಸಾಮಾನ್ಯ ಗೆಂಡೆಯ ವಿಷಯ ಬೇರೆ. ಅದು ಕೆರೆಯಲ್ಲಿಯೇ, ದಡದ ಹುಲ್ಲು ಜೊಂಡುಗಳಿಗೆ ಅಂಟುವ ಮೊಟ್ಟೆಗಳನ್ನಿಟ್ಟು ತಾನಾಗಿ ಹೆಚ್ಚುತ್ತದೆ. ನೀವು ಹೇಳುವ ಗುಳ್ಳೆಗಳ ಲಕ್ಷಣ ನೋಡಿದರೆ ನಿಮ್ಮ ಏರಿಯ ಬುಡದಲ್ಲಿರುವುದು ಬಹುಮಟ್ಟಿಗೆ ಇದೇ ಮೀನು, ಜೊತೆಗೆ ಮೃಗಾಲ್ ಇರಬಹುದು. ಮುಂದಿನ ಮಾತುಗಳನ್ನು ಮುಖ್ಯವಾಗಿ ಸಾಮಾನ್ಯ ಗೆಂಡೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತೇನೆ.

ಗುಳ್ಳೆಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೊಳೆತ ಎಲೆ, ಜೊಂಡು ಹೂತ ಕೆಸರಿನಿಂದ ಮೀನಿನ ಸಹವಾಸವಿಲ್ಲದೆಯೂ ಗುಳ್ಳೆ ಏಳುತ್ತದೆ. ಅಂಥವು ಒಂದೇ ಜಾಗದಲ್ಲಿ, ಬಿಟ್ಟು ಬಿಟ್ಟು, ದೊಡ್ಡದಾಗಿ ಬಂದು ಒಡೆಯುತ್ತವೆ. ಗೆಂಡೆ ಮೇಯುವಾಗ ಸಾಸಿವೆ ಗಾತ್ರದ ನೊರೆಗುಳ್ಳೆಗಳು ಗುಂಪಾಗಿ ಎದ್ದು, ಆ ಗುಂಪು ನಿಧಾನವಾಗಿ ಗೇಣು ಗೇಣು ಸರಿಯುತ್ತಾ ಹೋಗುತ್ತದೆ. ಆಳ ಕಡಿಮೆ ಇದ್ದರೆ ಜೊತೆಯಲ್ಲಿ ಕಂದು ಬಣ್ಣದ ಕದಡು ನೀರೂ ಮೇಲೆ ಬರುತ್ತದೆ. ಗುಳ್ಳೆ ಎದ್ದಲ್ಲಿಗೇ ಗಾಳ ಎಸೆದರೆ ಮೀನು ಬೆದರುತ್ತದೆ. ಅದು ಸರಿಯುತ್ತಿರುವ ದಿಕ್ಕಿನಲ್ಲಿ ಒಂದೆರಡು ಮಾರು ಮುಂದೆ ಎರೆಯನ್ನು ಇಳಿಸಿ ಕಾಯಬೇಕು.

ಆಳ ಅಳೆಯುವ ಕ್ರಮ ಸುಲಭವಾದದ್ದು, ಆದರೆ ಬಹುತೇಕರು ಅದನ್ನು ಮಾಡುವುದಿಲ್ಲ. ಬೆಂಡನ್ನು ಮುಳುಗಿಸುವಷ್ಟು ಭಾರದ ಸೀಸದ ತುಂಡನ್ನು ಕೊಕ್ಕೆಗೆ ಸಿಕ್ಕಿಸಿ ಕೂರಬೇಕೆಂದಿರುವ ಜಾಗಕ್ಕೆ ಎಸೆಯಿರಿ. ಬೆಂಡು ಪೂರ್ತಿ ಮುಳುಗಿಹೋದರೆ ಬೆಂಡಿನ ಕೆಳಗಿನ ದಾರ ಸಾಲದು. ಅಡ್ಡ ಮಲಗಿದರೆ ದಾರ ಹೆಚ್ಚಾಯಿತು. ತುದಿ ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತರೆ ಅದೇ ಆ ಜಾಗದ ಆಳ. ಬೆಂಡನ್ನು ದಾರದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಈ ಸ್ಥಿತಿಗೆ ತಂದು, ದಾರದ ಮೇಲೆ ಒಂದು ಬಣ್ಣದ ನೂಲಿನ ಗಂಟು ಹಾಕಿಕೊಳ್ಳಿ. ಅನಂತರ ಒಂದು ಮಾರು ಎಡಕ್ಕೆ, ಒಂದು ಮಾರು ಬಲಕ್ಕೆ, ಇನ್ನೊಂದು ಮಾರು ಮುಂದಕ್ಕೆ ಇದೇ ರೀತಿ ಅಳೆಯಿರಿ. ಅರ್ಧ ಗಂಟೆ ಹೋದೀತು, ನೀರಿಗೆ ಸೀಸ ಬೀಳುವ ಸದ್ದಿಗೆ ಮೀನೂ ಸ್ವಲ್ಪ ದೂರ ಸರಿದೀತು. ಆದರೂ ಆ ಅರ್ಧ ಗಂಟೆ ಇಡೀ ದಿನಕ್ಕೆ ಆಧಾರವಾಗುತ್ತದೆ.

ಹೀಗೆ ಅಳೆದಾಗ ನಮ್ಮ ಕೆರೆಗಳ ತಳ ತಟ್ಟೆಯಂತೆ ಸಮನಾಗಿಲ್ಲ ಎಂಬುದು ಬೇಗನೆ ತಿಳಿಯುತ್ತದೆ. ಕೆರೆಯಂಗಳದ ಕಡೆ ಮೊಣಕಾಲುದ್ದ ನೀರಿದ್ದರೆ ಏರಿಯ ಕಡೆಗೆ ಬರುತ್ತಾ ಆಳ ಹೆಚ್ಚುತ್ತದೆ, ತೂಬಿನ ಎದುರಿಗೆ ಸಾಮಾನ್ಯವಾಗಿ ಅತಿ ಹೆಚ್ಚು. ಇದರ ನಡುವೆ ಮನುಷ್ಯರು ತೋಡಿದ ಗುಂಡಿಗಳೂ ಇವೆ. ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳಿಗೆ ಕೆರೆಯಂಗಳದ ಜೇಡಿಮಣ್ಣು ಹೋಗುತ್ತಿದ್ದ ಕಾಲದ ಹಳ್ಳಗಳು, ಹೂಳೆತ್ತುವ ಯಂತ್ರಗಳು ಬಿಟ್ಟುಹೋದ ಚೌಕನೆಯ ಗುಳಿಗಳು, ಹಿಂದೆ ನೀರು ಹರಿದು ಬರುತ್ತಿದ್ದ ಕಾಲುವೆಯ ಜಾಡು, ಇವೆಲ್ಲ ನೀರಿನಡಿ ಹಾಗೆಯೇ ಉಳಿದಿರುತ್ತವೆ. ಗೆಂಡೆಗಳು ಹಗಲಿನಲ್ಲಿ ಇಂಥ ಆಳಗಳಲ್ಲಿ ತಂಗಿ, ಮೇಯುವ ಹೊತ್ತಿಗೆ ಅವುಗಳ ಅಂಚು ಹತ್ತಿ ಬರುತ್ತವೆ. ನಾಲ್ಕಡಿ ಇದ್ದದ್ದು ಒಮ್ಮೆಗೇ ಏಳಡಿಯಾಗುವ ಅಂಚು ನಿಮಗೆ ಸಿಕ್ಕಿದರೆ, ಗುಂಡಿಯ ನಡುವೆ ಅಲ್ಲ, ಆ ಅಂಚಿನ ಮೇಲುಭಾಗದಲ್ಲಿ ಎರೆಯನ್ನು ಕೂರಿಸಿ. ನನ್ನ ಅನುಭವದಲ್ಲಿ ಕೆರೆಯ ಯಾವುದೇ ಜಾಗಕ್ಕಿಂತ ಇದು ಮೇಲು. ಆದರೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅಂಗಳದಲ್ಲಿ ನೆಟ್ಟ ಕರಿಜಾಲಿಯ ಮರಗಳು, ತಾನಾಗಿ ಹಬ್ಬಿದ ಬಳ್ಳಾರಿ ಜಾಲಿ ಮುಳುಗಿದ ಕಡೆ ಆ ಅಂಚೂ ನಿರುಪಯುಕ್ತವೇ, ಏಕೆಂದರೆ ಅಲ್ಲಿ ಹಿಡಿದ ಗೆಂಡೆ ಮೊದಲ ಓಟಕ್ಕೇ ದಾರವನ್ನು ಬೊಡ್ಡೆಗೆ ಸುತ್ತಿ ಹರಿದುಕೊಂಡು ಹೋಗುತ್ತದೆ. ಸೀಸದ ತುಂಡನ್ನು ನಿಧಾನವಾಗಿ ಎಳೆದು ತರುವಾಗ ಅದು ತಡೆದು ತಡೆದು ಬರುವ ಜಾಗವನ್ನು ಬಿಟ್ಟುಬಿಡಿ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹನ್ನೊಂದರಿಂದ ಹದಿಮೂರು ಅಡಿಯ, ತುದಿ ಬಾಗುವ ಕೋಲು, ಬಿಗಿಯನ್ನು ಹೊಂದಿಸಬಲ್ಲ ರೀಲು, 0.25ರಿಂದ 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ, 6ರಿಂದ 10ನೇ ನಂಬರಿನ ಕೊಕ್ಕೆಗಳು ಸಾಕು. ನಂಬರು ಹೆಚ್ಚಾದಂತೆ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದು ನೆನಪಿರಲಿ. ಬಿದಿರಿನ ಕೋಲಿನಲ್ಲಿಯೂ ಗೆಂಡೆ ಹಿಡಿಯಬಹುದು, ಆದರೆ ರೀಲಿಲ್ಲದ ಕೋಲಿಗೆ ಎರಡು ಮೂರು ಕಿಲೋ ಮೀನು ಬಿದ್ದರೆ ಬಿಟ್ಟುಕೊಡಲು ದಾರವಿರುವುದಿಲ್ಲ. ಬೆಂಡಿನ ವಿಷಯದಲ್ಲಿ ಮಾತ್ರ ನನ್ನದು ಖಚಿತವಾದ ಅಭಿಪ್ರಾಯ: ಅಂಗಡಿಯಲ್ಲಿ ತೂಗುಹಾಕಿರುವ ಕೆಂಪು ಬಿಳುಪಿನ ದುಂಡು ಪ್ಲಾಸ್ಟಿಕ್ ಬೆಂಡು ಗೆಂಡೆಗೆ ಬೇಡ. ಅದನ್ನು ಮುಳುಗಿಸಲು ಮೀನು ಬಲವಾಗಿ ಎಳೆಯಬೇಕು, ಎಳೆತ ತಿಳಿದ ಗೆಂಡೆ ಎರೆಯನ್ನು ಉಗುಳಿಬಿಡುತ್ತದೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ಬೆರಳುದ್ದಕ್ಕೆ ಸಣ್ಣಗೆ ಕೆತ್ತಿ, ತೆಂಗಿನ ಗರಿಯ ಕಡ್ಡಿಯೊಂದನ್ನು ಉದ್ದಕ್ಕೆ ತೂರಿಸಿ, ನೀರು ಹೀರದಂತೆ ಎರಡು ಸಲ ಬಣ್ಣ ಬಳಿದರೆ ಒಳ್ಳೆಯ ಬೆಂಡು ಮನೆಯಲ್ಲಿಯೇ ಸಿದ್ಧವಾಗುತ್ತದೆ. ದಾರವನ್ನು ಬೆಂಡಿನ ಕೆಳತುದಿಗೆ ಮಾತ್ರ ಕಟ್ಟಿ, ಎಸೆದ ಮೇಲೆ ಕೋಲಿನ ತುದಿಯನ್ನು ನೀರಿಗೆ ಅದ್ದಿ ಒಂದೆರಡು ಸುತ್ತು ರೀಲು ಸುತ್ತಿದರೆ ದಾರ ನೀರಿನೊಳಗೆ ಮುಳುಗುತ್ತದೆ. ಗಾಳಿಯಿದ್ದಾಗ ಮೇಲುನೀರು ಒಂದು ಕಡೆ, ತಳದ ನೀರು ಅದಕ್ಕೆ ಎದುರಾಗಿ ಸರಿಯುತ್ತಿರುತ್ತದೆ. ದಾರ ಮೇಲೆಯೇ ತೇಲಿದರೆ ಗಾಳಿ ಅದನ್ನು ಬಿಲ್ಲಿನಂತೆ ಬಾಗಿಸಿ ಎರೆಯನ್ನು ಜಾಗ ಬಿಟ್ಟು ಎಳೆದೊಯ್ಯುತ್ತದೆ.

ಈಗ ಸೀಸದ ಗುಂಡುಗಳನ್ನು ಎಲ್ಲಿ ಕಚ್ಚಿಸಬೇಕು ಎಂಬುದು. ಬೆಂಡನ್ನು ನೆಟ್ಟಗೆ ನಿಲ್ಲಿಸುವ ಭಾರದ ಹೆಚ್ಚಿನ ಭಾಗವನ್ನು ಬೆಂಡಿನ ಹತ್ತಿರವೇ ಇಟ್ಟು, ಒಂದು ಗುಂಡನ್ನು ಮಾತ್ರ ಕೊಕ್ಕೆಯಿಂದ ಎರಡು ಮೂರು ಅಂಗುಲ ಮೇಲೆ ಕಚ್ಚಿಸಿ. ಅಳೆದ ಆಳಕ್ಕಿಂತ ನಾಲ್ಕು ಅಂಗುಲ ಹೆಚ್ಚು ದಾರ ಬಿಡಿ, ಎಸೆದ ಮೇಲೆ ದಾರವನ್ನು ಮೆಲ್ಲಗೆ ಬಿಗಿಗೊಳಿಸಿ. ಆಗ ಎರೆ ಮತ್ತು ಆ ಕೊನೆಯ ಗುಂಡು ನೆಲದ ಮೇಲಿರುತ್ತವೆ, ಬೆಂಡಿನ ತುದಿ ಕಾಲು ಅಂಗುಲ ಮಾತ್ರ ಹೊರಗಿರುತ್ತದೆ. ತಲೆ ತಗ್ಗಿಸಿ ಎರೆಯನ್ನು ಹೀರಿದ ಗೆಂಡೆ ತಲೆ ಎತ್ತಿದೊಡನೆ ಗುಂಡೂ ನೆಲಬಿಟ್ಟು ಏಳುತ್ತದೆ. ಆ ಭಾರ ಕಳೆದುಕೊಂಡ ಬೆಂಡು ಮುಳುಗುವ ಬದಲು ಮೇಲಕ್ಕೆ ಚಿಮ್ಮುತ್ತದೆ. ಬೆಂಡು ಮುಳುಗಿದರೆ ಮಾತ್ರ ಮೀನು ಎಂದು ಕಾಯುವವರು ಈ ಕ್ಷಣವನ್ನು ಕೈಬಿಡುತ್ತಾರೆ. ಬೆಂಡು ಏಳತೊಡಗಿದ ಕೂಡಲೇ ಕೋಲನ್ನು ಜಗ್ಗದೆ, ಮೊಣಕೈಯನ್ನು ಮಡಿಸಿ ಹಿಂದಕ್ಕೆ ಎತ್ತಬೇಕು.

ನಿಮ್ಮ ಬೆಂಡು ಆಗಾಗ ನಡುಗುತ್ತಿದ್ದರೆ ಆ ನಡುಕ ಬಹುಮಟ್ಟಿಗೆ ಜಿಲೇಬಿ ಮೀನಿನದು. ಅದು ಎರೆಯನ್ನು ಚೂರು ಚೂರಾಗಿ ಕೀಳುವಾಗ ಬೆಂಡು ಟಕಟಕನೆ ಅದುರಿ, ನಿಂತು, ಮತ್ತೆ ಅದುರುತ್ತದೆ. ಗೆಂಡೆಯ ಸುಳಿವು ಬೇರೆ ಬಗೆಯದು. ಮೊದಲು ಬೆಂಡು ಕಾರಣವಿಲ್ಲದೆ ಒಂದು ಕಡೆಗೆ ವಾಲುತ್ತದೆ ಅಥವಾ ಅರ್ಧ ಅಂಗುಲ ಇಳಿದು ಸ್ವಸ್ಥಾನಕ್ಕೆ ಬರುತ್ತದೆ. ಇದು ಮೀನಿನ ಮೈ ಅಥವಾ ರೆಕ್ಕೆ ದಾರಕ್ಕೆ ತಾಗಿದ್ದು, ಆಗ ಎಳೆದರೆ ಮೀನನ್ನು ಓಡಿಸಿದಂತೆ. ಅರೆ ನಿಮಿಷವೋ ಎರಡು ನಿಮಿಷವೋ ಕಳೆದ ಮೇಲೆ ಬೆಂಡು ಏಳುತ್ತದೆ, ಇಲ್ಲವೇ ಓರೆಯಾಗಿ, ನಿಧಾನವಾಗಿ, ನಿಲ್ಲದೆ ನೀರಿನೊಳಗೆ ಜಾರುತ್ತದೆ. ಎಳೆಯುವುದು ಆಗ.

ಎರೆಯ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಅದು ಮುಖ್ಯವಲ್ಲ ಎಂದರ್ಥವಲ್ಲ. ನಿಮ್ಮ ಕೆರೆಯಲ್ಲಿ ಜಿಲೇಬಿ ಮೀನು ಇಷ್ಟೊಂದು ಇರುವಾಗ ಮೆತ್ತನೆಯ ಹಿಟ್ಟು ಕೊಕ್ಕೆಯಲ್ಲಿ ಹೆಚ್ಚು ಹೊತ್ತು ಉಳಿಯಲಾರದು. ಚಿಕ್ಕ ಬಾಯಿಗೆ ಸುಲಭವಾಗಿ ಸಿಗದ, ಗಟ್ಟಿಯಾದ ಎರೆ ಬೇಕು. ರಾತ್ರಿ ನೆನೆಸಿ, ಉಗುರಿನಿಂದ ಒತ್ತಿದರೆ ತಗ್ಗುವಷ್ಟು ಬೇಯಿಸಿದ ಮುಸುಕಿನ ಜೋಳದ ಕಾಳು ಅಥವಾ ಕಡಲೆಕಾಳು ಇದಕ್ಕೆ ಹೇಳಿ ಮಾಡಿಸಿದಂಥದು. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನಲ್ಲಿ ಕಾಳನ್ನು ಅರೆಯುವ ಹಲ್ಲುಗಳಿವೆ, ಆದ್ದರಿಂದ ಗಟ್ಟಿ ಕಾಳು ಅದಕ್ಕೆ ಅಡ್ಡಿಯಾಗದು. ಹಿಟ್ಟೇ ಬೇಕೆಂದರೆ ರಾಗಿಮುದ್ದೆಯನ್ನು ಗಟ್ಟಿಯಾಗಿ ತಿರುವಿ, ಆರಿದ ಮೇಲೆ ಸ್ವಲ್ಪ ಗೋಧಿಹಿಟ್ಟು ಸೇರಿಸಿ ನಾದಿ, ಸಣ್ಣ ಗೋಲಿಯಷ್ಟು ಉಂಡೆ ಮಾಡಿಕೊಳ್ಳಿ. ಗೋಧಿಯ ಜಿಗುಟು ಅದನ್ನು ನೀರಿನಲ್ಲಿ ಹಿಡಿದಿಡುತ್ತದೆ. ಕಾಟ್ಲಾ ಬೇಕೆಂದು ಮೇಲ್ಪದರದಲ್ಲಿ, ಎರಡು ಮೂರು ಅಡಿ ಆಳದಲ್ಲಿ ಗಾಳ ಇಡುವ ದಿನ ಇದಕ್ಕೆ ವಿರುದ್ಧವಾಗಿ, ನೀರಿನಲ್ಲಿ ಬೇಗ ಕರಗಿ ಮೋಡದಂತೆ ಹರಡುವ ತೌಡು ಮತ್ತು ಹಿಂಡಿಯ ಸಡಿಲ ಉಂಡೆ ಬೇಕಾಗುತ್ತದೆ.

ವೆನಿಲ್ಲಾ ಎಸೆನ್ಸಿನಿಂದ ಕೆಡುಕಿಲ್ಲ, ಹೇಳಿಕೊಳ್ಳುವ ಉಪಕಾರವೂ ಇಲ್ಲ. ವಾಸನೆಯೇ ಬೇಕೆಂದರೆ ನಮ್ಮ ನೆರೆಯ ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಗೂಡಿನೊಳಗಿಂದ ಉಳಿಯುವ ಪ್ಯೂಪಾ ಸಿಗುತ್ತದೆ. ಎಣ್ಣೆ ಮತ್ತು ಪ್ರೋಟೀನು ತುಂಬಿದ ಈ ಪ್ಯೂಪಾ ಗೆಂಡೆಯ ಮೇವಾಗಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಒಣಗಿಸಿ ಪುಡಿಮಾಡಿ ಹಿಂಡಿಯೊಡನೆ ಒಂದಕ್ಕೆ ನಾಲ್ಕರಂತೆ ಬೆರೆಸಿದರೆ ಸಾಕು. ಅದರ ನಾತ ಮಾತ್ರ ಸಹಿಸಲಾಗದಂಥದು, ಬಸ್ಸಿನಲ್ಲಿ ತೆಗೆದುಕೊಂಡು ಹೋಗುವ ಯೋಚನೆ ಬೇಡ.

ಮೇವು ಚೆಲ್ಲುವುದರಲ್ಲಿ ಅತಿಯಾದರೆ ಕೆಲಸ ಕೆಡುತ್ತದೆ. ಗೆಂಡೆಗೆ ಜಠರವೆಂಬ ಚೀಲವಿಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುವುದರಿಂದ ಅದು ಒಮ್ಮೆಗೆ ತುಂಬಿಕೊಳ್ಳದೆ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಹೊತ್ತು ಮೇಯುತ್ತಿರುತ್ತದೆ. ಆರಂಭದಲ್ಲಿ ನೆನೆಸಿದ ಕಡಲೆಕಾಯಿ ಹಿಂಡಿ ಮತ್ತು ತೌಡನ್ನು ಗಟ್ಟಿಯಾಗಿ ಕಟ್ಟಿದ ನಿಂಬೆಗಾತ್ರದ ನಾಲ್ಕೈದು ಉಂಡೆಗಳನ್ನು ಬೆಂಡಿನ ಜಾಗಕ್ಕೇ ಹಾಕಿ. ಉಂಡೆ ನೆಲ ಮುಟ್ಟುವವರೆಗೆ ಒಡೆಯಬಾರದು. ನಡುವೆ ಒಡೆದರೆ ಜಿಲೇಬಿ ಮೀನಿಗೆ ಔತಣ. ಅನಂತರ ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತು ಹನ್ನೆರಡು ಜೋಳದ ಕಾಳು ಸಾಕು. ಒಂದು ಮೀನು ಹಿಡಿದ ಮೇಲೆ ಮತ್ತೊಂದು ಉಂಡೆ ಹಾಕಬಹುದು.

ಇನ್ನು ದಿನದ ಹೊತ್ತು. ಬೆಳಕು ಹರಿಯುವಾಗಲೇ ಗೆಂಡೆ ಚೆನ್ನಾಗಿ ಮೇಯುತ್ತದೆ ಎಂಬ ಸಾಮಾನ್ಯ ಮಾತು ತಿಳಿನೀರಿನ ಕೆರೆಗಳಿಗೆ ಸರಿ, ನಿಮ್ಮ ಕೆರೆಗೆ ಸರಿಯಾಗದಿರಬಹುದು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್ ತಿಂಗಳಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದರ ಕೋಡಿ ಇನ್ನೊಂದಕ್ಕೆ ಹರಿದು ಜಿಲ್ಲೆಯ ಅನೇಕ ಕೆರೆಗಳನ್ನು ತುಂಬಿಸಿದೆ. ಇದರಿಂದ ಎರಡು ಬದಲಾವಣೆಗಳಾದವು. ಬೇಸಿಗೆಯಲ್ಲಿ ಬತ್ತಿ, ಇದ್ದ ಮೀನೆಲ್ಲ ಬಲೆಗೆ ಬೀಳುತ್ತಿದ್ದ ಕೆರೆಗಳಲ್ಲಿ ಈಗ ನೀರು ನಿಲ್ಲುವುದರಿಂದ ಹಲವು ವರ್ಷ ಪ್ರಾಯದ ದೊಡ್ಡ ಗೆಂಡೆಗಳು ಉಳಿಯುತ್ತಿವೆ. ನಿಮ್ಮ ಏರಿಯ ಬಳಿ ಹೊರಳುವವು ಇಂಥವೇ ಇರಬೇಕು. ಎರಡನೆಯದಾಗಿ, ಸಂಸ್ಕರಿಸಿದ ನೀರಿನಲ್ಲಿ ಉಳಿದಿರುವ ಸಾರಜನಕ ಮತ್ತು ರಂಜಕದಿಂದ ಪಾಚಿ ದಟ್ಟವಾಗಿ ಬೆಳೆದು ನೀರು ಹಸಿರುಗಟ್ಟುತ್ತದೆ. ಈ ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿಯಿಡೀ ಅದನ್ನೇ ಬಳಸಿಕೊಳ್ಳುತ್ತದೆ. ಹೀಗಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಸೂರ್ಯೋದಯದ ಸ್ವಲ್ಪ ಮೊದಲು. ಬೇಸಿಗೆಯಲ್ಲಿ ಇದು ಇನ್ನೂ ತೀವ್ರ, ಏಕೆಂದರೆ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು 30 ಡಿಗ್ರಿಗೆ ಏರಿದರೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಮುಂಜಾನೆ ಗೆಂಡೆಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ಮೇಯುತ್ತಿಲ್ಲ, ಉಸಿರಿಗಾಗಿ ಹೆಣಗುತ್ತಿವೆ. ಅಂಥ ದಿನ ಎಂತಹ ಎರೆಯೂ ನಡೆಯುವುದಿಲ್ಲ.

ಆದ್ದರಿಂದ ಹಸಿರು ನೀರಿನ ಕೆರೆಯಲ್ಲಿ ಆರು ಗಂಟೆಗೆ ಬಂದು ಆಳ ಅಳೆದು, ಮೇವು ಚೆಲ್ಲಿ, ಎಂಟು ಎಂಟೂವರೆಯಿಂದ ಗಮನವಿಟ್ಟು ಕೂರುವುದು ಮೇಲು. ಹತ್ತೂವರೆ ಹನ್ನೊಂದರವರೆಗೆ ಒಂದು ಒಳ್ಳೆಯ ಹೊತ್ತು ಸಿಗುತ್ತದೆ. ಬಿಸಿಲೇರಿದ ಮೇಲೆ ಮೂರು ಗಂಟೆಯವರೆಗೆ ತಳದ ಗಾಳಕ್ಕೆ ಕೆಲಸ ಕಡಿಮೆ. ಬುತ್ತಿ ಬಿಚ್ಚಲು ಅದೇ ಸಮಯ, ಇಲ್ಲವಾದರೆ ಬೆಂಡನ್ನು ಕೆಳಕ್ಕೆ ಸರಿಸಿ ಮೇಲ್ಪದರದಲ್ಲಿ ಕಾಟ್ಲಾಕ್ಕೆ ಪ್ರಯತ್ನಿಸಬಹುದು. ಮಧ್ಯಾಹ್ನದ ನಂತರ ಗಾಳಿ ಎದ್ದು ಅಲೆ ಬಡಿಯುವ ದಡವನ್ನು ನೋಡಿಕೊಳ್ಳಿ. ಅಲೆ ಆ ದಡದ ಮಣ್ಣನ್ನು ಕದಡಿ ಆಹಾರವನ್ನು ಸಡಿಲಿಸುತ್ತದೆ, ನೀರಿಗೆ ಆಮ್ಲಜನಕವನ್ನೂ ಸೇರಿಸುತ್ತದೆ, ಗೆಂಡೆಗಳು ಅತ್ತ ಸರಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಡುವಣ ಗಾಳಿಯಲ್ಲಿ ಏರಿ ಪೂರ್ವಕ್ಕಿರುವ ಕೆರೆಯ ಏರಿಯ ಬುಡವೇ ಉತ್ತಮ ಜಾಗವಾಗುತ್ತದೆ. ಮುಖಕ್ಕೆ ಗಾಳಿ ಹೊಡೆಯುವುದೆಂದು ಜನ ಅಲ್ಲಿ ಕೂರಲು ಹಿಂಜರಿಯುತ್ತಾರೆ, ಅಷ್ಟೇ. ನಾಲ್ಕೂವರೆಯಿಂದ ಕತ್ತಲಾಗುವವರೆಗಿನ ಹೊತ್ತು ದಿನದಲ್ಲಿಯೇ ಶ್ರೇಷ್ಠ. ಬೆಳಕು ಕುಗ್ಗಿದಂತೆ ಜಿಲೇಬಿ ಮೀನಿನ ಕಾಟವೂ ಕುಗ್ಗುತ್ತದೆ.

ಮೀನು ಬಿದ್ದ ಮೇಲೆ ಕೋಲಿನ ತುದಿಯನ್ನು ಮೀನಿನ ಕಡೆಗೆ ಚಾಚದೆ ಎತ್ತಿಯೇ ಹಿಡಿದು, ಬಾಗಿದ ಕೋಲೇ ಅದನ್ನು ದಣಿಸಲಿ. ರೀಲಿನ ಬಿಗಿಯನ್ನು, ಕೈಯಿಂದ ಗಟ್ಟಿಯಾಗಿ ಎಳೆದರೆ ದಾರ ಹರಿಯುವ ಮೊದಲೇ ಬಿಟ್ಟುಕೊಡುವಂತೆ, ಮೊದಲೇ ಹೊಂದಿಸಿಟ್ಟಿರಬೇಕು. ಜಾಲಿ ಬೊಡ್ಡೆಗಳತ್ತ ಓಡಿದರೆ ಕೋಲನ್ನು ನೀರಿಗೆ ಸಮಾನಾಂತರವಾಗಿ ಎದುರು ಬದಿಗೆ ವಾಲಿಸಿ ಅದರ ತಲೆಯನ್ನು ತಿರುಗಿಸಿ. ದಡದ ಹತ್ತಿರ ಬಂದಾಗ ಕೈಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತರಬೇಕೇ ಹೊರತು ಬಲೆಯಿಂದ ಮೀನನ್ನು ಅಟ್ಟಬಾರದು. ದಾರ ಹಿಡಿದು ಎತ್ತುವ ಆತುರದಲ್ಲಿ ಕಳೆದುಹೋಗುವ ಮೀನುಗಳೇ ಹೆಚ್ಚು. ಕೊಕ್ಕೆಯ ಗಂಟನ್ನು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ನೈಲಾನನ್ನು ಎಳೆದರೆ ಉಜ್ಜಿದ ಬಿಸಿಗೆ ಅಲ್ಲಿಯೇ ದುರ್ಬಲವಾಗುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಕೆಲವು ಮಾತುಗಳಿವೆ. ಕೆರೆಯ ಮೀನು ಯಾರದೋ ಬಂಡವಾಳ. ಸಣ್ಣ ಕೆರೆಗಳಾದರೆ ಗ್ರಾಮ ಪಂಚಾಯಿತಿ, ದೊಡ್ಡವಾದರೆ ಮೀನುಗಾರಿಕೆ ಇಲಾಖೆ ಅವನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಗುತ್ತಿಗೆಗೆ ಕೊಟ್ಟಿರುತ್ತದೆ, ಮರಿ ಬಿಟ್ಟವರು ಅವರು. ಗಾಳ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ದಿನಕ್ಕಿಷ್ಟು ಎಂದು ಹಣ ಕೇಳಿದರೆ ಕೊಡುವುದು ನ್ಯಾಯ. ಮೇಲೆ ಹೇಳಿದ ಮಣ್ಣಿನ ಗುಂಡಿಗಳು ಗೆಂಡೆಗೆ ಆಶ್ರಯವಾದಂತೆ ಮನುಷ್ಯರಿಗೆ ಅಪಾಯವೂ ಹೌದು. ಸಿಕ್ಕಿಕೊಂಡ ದಾರ ಬಿಡಿಸಲು ನೀರಿಗಿಳಿಯಬೇಡಿ, ಮೊಣಕಾಲುದ್ದದ ನೀರಿನ ಮುಂದಿನ ಹೆಜ್ಜೆಯಲ್ಲಿ ಎರಡಾಳು ಆಳವಿರಬಹುದು. ದಾರ ಹರಿದುಕೊಂಡು ಹೊಸ ಕೊಕ್ಕೆ ಕಟ್ಟಿದರೆ ಆಗುವ ನಷ್ಟ ಕೆಲವು ರೂಪಾಯಿಯದು. ಏರಿಯ ಉದ್ದಕ್ಕೂ ಪಂಪ್‌ಸೆಟ್ಟುಗಳಿಗೆ ಎಳೆದ ವಿದ್ಯುತ್ ತಂತಿಗಳಿದ್ದರೆ ಅವುಗಳ ಕೆಳಗೆ ಕಾರ್ಬನ್ ಕೋಲನ್ನು ಎತ್ತಲೇಬಾರದು, ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ.

ಹಸಿರುಗಟ್ಟಿದ ನೀರಿನ ಗೆಂಡೆಗೆ ಬರುವ ಮಣ್ಣಿನ ವಾಸನೆ ಮೀನು ಹಳಸಿದ್ದರಿಂದಲ್ಲ. ಕೆಲವು ನೀಲಿಹಸಿರು ಪಾಚಿ ಮತ್ತು ಸೂಕ್ಷ್ಮಾಣುಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತು ಅದರ ಮಾಂಸ, ಕೊಬ್ಬಿನಲ್ಲಿ ಸೇರಿಕೊಂಡಿರುತ್ತದೆ. ಜೀವಂತ ಮೀನನ್ನು ಶುದ್ಧ ನೀರಿನಲ್ಲಿ ಕೆಲವು ದಿನ ಇಟ್ಟರೆ ವಾಸನೆ ತಗ್ಗುತ್ತದೆ. ಮನೆಯಲ್ಲಿ ಅದು ಸಾಧ್ಯವಿಲ್ಲದಿದ್ದರೆ ಚರ್ಮವನ್ನೂ ಹೊಟ್ಟೆಯ ಕೊಬ್ಬನ್ನೂ ತೆಗೆದು ಹುಣಸೆ ಹುಳಿಯಲ್ಲಿ ನೆನೆಸಿಟ್ಟರೆ ಸ್ವಲ್ಪ ಮಟ್ಟಿಗೆ ಕಡಿಮೆಯಾದೀತು. ನೊರೆ ಕಟ್ಟಿದ, ದುರ್ನಾತ ಬರುವ, ಮೀನು ಸತ್ತು ತೇಲಿದ ಕೆರೆಯದ್ದನ್ನಂತೂ ತಿನ್ನಬಾರದು.

ಕಾಲದ ಬಗ್ಗೆ ಒಂದು ಮಾತು ಉಳಿಯಿತು. ನಮ್ಮ ಕಡೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿದ್ದು ನೀರು ಕೆಂಪಗೆ ಕದಡಿರುವುದರಿಂದ, ಅದು ತಿಳಿಯಾದ ನವೆಂಬರ್ ತಿಂಗಳು ಬೆಂಡಿನ ಗಾಳಕ್ಕೆ ಒಳ್ಳೆಯದು. ಡಿಸೆಂಬರ್ ಕೊನೆಯ ಮತ್ತು ಜನವರಿಯ ಚಳಿಯಲ್ಲಿ ಮೇಯುವುದು ನಿಧಾನ, ಆಗ ಆಳದ ಕಡೆ ಚಿಕ್ಕ ಎರೆ ಹಾಕಿ ಮಧ್ಯಾಹ್ನಕ್ಕೆ ಕಾಯಬೇಕು. ಸಾಮಾನ್ಯ ಗೆಂಡೆ ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಜುಲೈ, ಆಗಸ್ಟ್‌ನಲ್ಲಿ ಹೆಚ್ಚಾಗಿ ಮೊಟ್ಟೆ ಇಡುತ್ತದೆ. ಫೆಬ್ರವರಿಯ ಬೆಳಿಗ್ಗೆ ದಡದ ಜೊಂಡಿನಲ್ಲಿ ಹಿಂಡುಗಟ್ಟಿ ನೀರು ಬಡಿಯುವ ದೊಡ್ಡ ಗೆಂಡೆಗಳು ನಿಮಗೆ ಕಂಡರೆ ಅವುಗಳ ನಡುವೆ ಗಾಳ ಹಾಕಬೇಡಿ. ಅವು ಆ ಹೊತ್ತಿನಲ್ಲಿ ಎರೆಯನ್ನು ಮುಟ್ಟುವುದಿಲ್ಲ, ಕೊಕ್ಕೆ ಮೈಗೆ ಸಿಕ್ಕಿ ಗಾಯವಾಗುತ್ತದೆ. ಒಂದು ವಾರ ಬಿಟ್ಟು ಅದೇ ಜೊಂಡಿನ ಹೊರ ಅಂಚಿನಲ್ಲಿ, ಆಳವನ್ನು ಹೊಸದಾಗಿ ಅಳೆದು, ನೆಲಕ್ಕೆ ಜೋಳದ ಕಾಳನ್ನು ಕೂರಿಸಿ.